ಚಿಕ್ಕಪ್ಪ ಸುಟ್ಟ ಮೂರು ಕಾರ್ಡುಗಳು

ನಮ್ಮ ಚಿಕ್ಕಪ್ಪ ಮೂರು ಕಾರ್ಡು ಸುಟ್ಟ ಮಹಾಪುರುಷ ಎಂದು ಮನೆಮಂದಿಯೆಲ್ಲ ಇವತ್ತಿಗೂ ನಗುತ್ತಾರೆ. ಆಧಾರವೇನು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದವಳು ನಾನು. ಈ ಲೆಕ್ಕ ಒಪ್ಪಲಾರೆ!

ಫ್ಯಾನ್ ಆಫ್ ಮಾಡಿದರೆ ರೆಕ್ಕೆಗಳು ಪೂರ್ತಿ ನಿಲ್ಲುವವರೆಗೆ ಕೋಣೆ ಬಿಟ್ಟು ಕದಲದ ಮನುಷ್ಯ ಅವರು. "ನಿಲ್ಲಿಸಿದ್ದು ಅಂತ ಅದಕ್ಕೂ ಗೊತ್ತಾಗಬೇಕಲ್ಲ ಮಾರಾಯ್ತಿ!" ಎನ್ನುತ್ತಿದ್ದರು ನನಗೆ. ಅಪ್ಪ ಬೈಯತೊಡಗಿದರೂ ಅಷ್ಟೇ. ಎದುರಾಡದೆ "ಹೂಂ, ಹೂಂ" ಎನ್ನುತ್ತ, ಅಣ್ಣನ ಸಿಟ್ಟು ಸುತ್ತಿ ಸುತ್ತಿ ತಾನೇ ಆರುವವರೆಗೆ ನಿಂತಿರುತ್ತಿದ್ದರು.

ನುಂಗಂಬಾಕ್ಕಂನ ನಮ್ಮ ಹೋಟೆಲಿನಲ್ಲಿ ಇಡ್ಲಿ ಬಾಯ್ಲರಿಗೆ ನೀರು ಬಿಡುವ ವಾಲ್ವನ್ನು ಹಳೆಯ ಕಂಪ್ಯೂಟರಿನಿಂದ ನಡೆಸಬೇಕೆಂಬುದು ಅವರ ಹುಚ್ಚು. ಎರಡು ಸಾವಿರದ ಇಸವಿ ಬಂದರೂ ಬಕೆಟ್ಟು ಹೊರುವುದೇ? ಕಂಪ್ಯೂಟರಿನ ಕಾರ್ಡು ಹೇಳಿದರೆ ವಾಲ್ವಿನೊಳಗಿನ ತಂತಿಸುರುಳಿಗೆ ಕರೆಂಟು, ಇಲ್ಲವಾದರೆ ಬಂದ್. ಮೊದಲೆರಡು ಕಾರ್ಡುಗಳು ಬಂದ್ ಮಾಡಿದ ಕ್ಷಣವೇ ಸತ್ತವು.

"ಆಫ್ ಮಾಡಿದ ಮೇಲೆ ಎಲ್ಲಿಯ ಅಪಾಯ ಚಿಕ್ಕಪ್ಪ?" ಎಂದು ವಾದಕ್ಕಿಳಿದೆ. ಅವರು ಒಂದು ಸುರುಳಿಯ ಎರಡು ತುದಿ ನನ್ನ ಕೈಗೆ ಕೊಟ್ಟು, ಪುಟ್ಟ ಬ್ಯಾಟರಿ ಮುಟ್ಟಿಸಿ ತೆಗೆದರು. ಅಮ್ಮಾ! ಮುಟ್ಟಿಸಿದಾಗ ಏನೂ ಇಲ್ಲ, ತೆಗೆದಾಗ ಒದೆ!

"ನೋಡಿದ್ಯಾ? ಸುರುಳಿಗೆ ನಿನ್ನ ಹಾಗೇ ಹಠ ಉಂಟು. ತಟ್ಟನೆ ತಡೆದರೆ ಒದೀತದೆ. ಪಕ್ಕದಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇದ್ದರೆ ಆ ಒದೆ ಅದರಲ್ಲೇ ಸುತ್ತಿ ತಣ್ಣಗಾಗ್ತದೆ. ಬರುವ ಕರೆಂಟಿಗೆ ಮಾತ್ರ ಅದು ಮುಚ್ಚಿದ ಬಾಗಿಲು."

ಮುಚ್ಚಿದ ಬಾಗಿಲಂತೆ! ಡಯೋಡಿನ ಗುರುತೇ ಬಾಣ. ಬಾಣದ ದಿಕ್ಕಿಗೆ ಕರೆಂಟು ಬರಬೇಡವೇ? ಬೆಸುಗೆಯ ಕೆಲಸ ನಾನೇ ಕಸಿದುಕೊಂಡು, ಪರಮ ತರ್ಕಬದ್ಧವಾಗಿ ಅದನ್ನು ಕೂರಿಸಿದೆ. ಮೂರನೆಯ ಕಾರ್ಡು ಆಫ್ ಮಾಡುವವರೆಗೂ ಕಾಯಲಿಲ್ಲ. ಆನ್ ಮಾಡುತ್ತಲೇ ಹೊಗೆ!

"ಪೋದುಂ!" ಅಪ್ಪನಿಗೆ ಸಿಟ್ಟು ಬಂದರೆ ತಮಿಳು ಮೊದಲು. "ಸಾಕು! ಇನ್ನೊಂದು ಸುಟ್ಟರೆ ನಿನ್ನ ಪೆಟ್ಟಿಗೆ ಗುಜರಿಗೆ, ನೀನು ಗಲ್ಲಾದಲ್ಲಿ ಕೂರು!" ಚಿಕ್ಕಪ್ಪನಿಗೆ ಗಲ್ಲಾ ಎಂದರೆ ಜೈಲು.

"ಹೂಂ. ನನ್ನದೇ ತಪ್ಪು" ಎಂದರು ಚಿಕ್ಕಪ್ಪ.

ನಾಲ್ಕನೆಯದಕ್ಕೆ ಅವರೇ ಬೆಸುಗೆ ಹಾಕಿದರು. ವಾಲ್ವು ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು! ನಾನು ಮೂಗರಳಿಸಿ ನೋಡಿದೆ: ಬರೀ ಸಾಂಬಾರಿನ ಪರಿಮಳ. ಅಬ್ಬಾ, ಹೋದ ಜೀವ ಬಂತು! ಅಪ್ಪನೂ "ಪರವಾಗಿಲ್ಲ ಮಾರಾಯ, ಬಕೆಟ್ಟು ಒಳಗಿಡು" ಎಂದುಬಿಟ್ಟರು.

ಮೊನ್ನೆ ಅವರ ಮೇಜಿನ ಡ್ರಾಯರಿನಲ್ಲಿ ಆ ಮೂರನೆಯ ಕಾರ್ಡು ಸಿಕ್ಕಿತು. ನಾನು ಹಾಕಿದ್ದ ಡಯೋಡನ್ನು ಕಿತ್ತು ಕಾರ್ಡಿನ ಮೇಲೆಯೇ ಜೋಪಾನವಾಗಿ ಟೇಪಿನಿಂದ ಅಂಟಿಸಿದ್ದಾರೆ. ಪಕ್ಕದಲ್ಲಿ ಅವರದೇ ಕೆಂಪು ಅಕ್ಷರ: "ಉಲ್ಟಾ."

ಎರಡು ಅವರದು, ಒಂದು ನನ್ನದು.

ಚಿಕ್ಕಪ್ಪ, ಒಂದೇ ಪ್ರಶ್ನೆ. ಇದು ನಿಮಗೆ ಗೊತ್ತಾದದ್ದು ಯಾವಾಗ? ಅಪ್ಪ ಬೈಯುವ ಮೊದಲೋ, ಆಮೇಲೋ?