ಮಾವನ ಕಿವಿಯೂ ಕರೆಂಟು ಕಾರೂ

ಒಬ್ಬ ಹಲ್ಲಿನ ಡಾಕ್ಟರಿಗೆ, ಅವರದೇ ಕಾರಿನಿಂದ, ಹಾಡಹಗಲಲ್ಲಿ, ನಂಜನಗೂಡಿನ ರಸ್ತೆ ಬದಿಯಲ್ಲಿ ನಾನು ತಣ್ಣೀರು ಸ್ನಾನ ಮಾಡಿಸಿದ್ದೇನೆ. ತಪ್ಪು ನನ್ನದೇ. ಒಪ್ಪಿಕೊಳ್ಳದೆ ಬೇರೆ ದಾರಿಯೂ ಇಲ್ಲ, ಯಾಕೆಂದರೆ ಅದನ್ನು ಕಣ್ಣಾರೆ ನೋಡಿದವರು ಕಡಿಮೆಯೆಂದರೂ ನಲವತ್ತು ಜನ. ಅವರಲ್ಲಿ ಮೂವತ್ತೊಂಬತ್ತು ಜನ ಇವತ್ತಿಗೂ ಎದುರು ಸಿಕ್ಕಿದರೆ "ಏನ್ಲಾ, ನೀರ್ ಕಾಯ್ಸಿದ್ದೀಯಾ?" ಎಂದು ಕೇಳುತ್ತಾರೆ. ನಲವತ್ತನೆಯವರು ಆ ಡಾಕ್ಟರು. ಅವರು ಪಾಪ ಏನೂ ಅನ್ನುವುದಿಲ್ಲ. ಆದರೂ ಹಲ್ಲುನೋವು ಬಂದರೆ ನಾನು ಮಾತ್ರ ಮೈಸೂರಿಗೇ ಹೋಗುತ್ತೇನೆ!

ಈ ತಪ್ಪಿಗೆ ಮೂಲಪುರುಷರು ನಮ್ಮ ಸೋದರಮಾವ.

ಕಾರಿನ ವಿಷಯದಲ್ಲಿ ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿಗೆ ನಮ್ಮ ಮಾವನೇ ಸುಪ್ರೀಂ ಕೋರ್ಟು. ಅವರಿಗೆ ಎಷ್ಟು ಕಾರುಗಳಿದ್ದವು ಎಂದು ಕೇಳಬೇಡಿ. ಒಂದೂ ಇರಲಿಲ್ಲ. ಓಡಿಸಲು ಬರುತ್ತಿತ್ತೇ? ಅದೂ ಇಲ್ಲ! ಇದ್ದದ್ದು ಒಂದು ಸೈಕಲ್ಲು. ಅದನ್ನೂ ಏರಿನಲ್ಲಿ ತಳ್ಳಿಕೊಂಡೇ ಹೋಗುತ್ತಿದ್ದರು. ಹೊಟ್ಟೆಪಾಡಿಗೆ ನರಸೀಪುರದ ರಸ್ತೆಯಲ್ಲಿ ಪಂಪ್‌ಸೆಟ್ ಮೋಟರು ವೈಂಡಿಂಗ್ ಮಾಡುವ ಅಂಗಡಿ. ಹದಿನಾರು, ಚಿಕ್ಕಯ್ಯನಛತ್ರದ ಕಡೆಯ ರೈತರು ಸುಟ್ಟ ಮೋಟರನ್ನು ಗೋಣಿಚೀಲದಲ್ಲಿ ಸುತ್ತಿ ತಂದು, ಆಸ್ಪತ್ರೆಯಲ್ಲಿ ಮಗು ಮಲಗಿಸಿದ ಹಾಗೆ ಮಲಗಿಸಿ, ಮಾವನ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಮಾವ ತಾಮ್ರದ ತಂತಿ ಸುತ್ತುತ್ತಾ ಕೂರುತ್ತಿದ್ದರು. ಕೈ ಮೋಟರಿನ ಮೇಲೆ, ಕಿವಿ ರಸ್ತೆಯ ಮೇಲೆ.

"ಮೋಟ್ರು ಅನ್ನ ಕೊಡ್ತದೆ ಕಣ್ಲಾ, ಇಲ್ಲ ಅನ್ನಕಿಲ್ಲ. ಆದ್ರೆ ಅದ್ಕೆ ಬಾಯಿಲ್ಲ. ಇಂಜಿನ್ನು ಮಾತಾಡ್ತದೆ!"

ತೊಂಬತ್ತರ ದಶಕದಲ್ಲಿ, ನಾನಿನ್ನೂ ಪಿಯುಸಿಯಲ್ಲಿ ಒಂದೇ ಸಬ್ಜೆಕ್ಟನ್ನು ಪದೇಪದೇ ಪ್ರೀತಿಸುತ್ತಿದ್ದ ಕಾಲದಲ್ಲಿ, ಅವರ ಆ ಕಿವಿಯ ಮಹಿಮೆಯನ್ನು ನಾನೇ ನೋಡಿದ್ದೇನೆ. ರಸ್ತೆಗೆ ಬೆನ್ನು ಹಾಕಿ ಕೂತು, ತಿರುಗದೆ, "ಅಂಬಾಸಿಡರ್ರು, ಡೀಸಲ್ಲು, ಮೂರ್ನೇ ಸಿಲಿಂಡರ್ರು ಕೆಮ್ತಾ ಅದೆ, ಹಿಂದ್ಗಡೆ ಸೀಟಲ್ಲಿ ಐದ್ ಜನ ಅವ್ರೆ" ಎನ್ನುತ್ತಿದ್ದರು. ನಾನು ಓಡಿಹೋಗಿ ಎಣಿಸಿದರೆ ಆರು ಜನ! ಗೆದ್ದೆ ಎಂದು ಹಿಗ್ಗಿ ಬಂದು ಹೇಳಿದರೆ, "ಒಂದು ಕೂಸಿರ್ಬೇಕು, ನೋಡು" ಎನ್ನುತ್ತಿದ್ದರು. ಕೂಸೇ! ಇಂಥವರ ಎದುರು ಬಾಯಿ ತೆರೆದುಕೊಂಡು ನಿಲ್ಲದೆ ಇನ್ನೇನು ಮಾಡುವುದು, ಹೇಳಿ?

ಪರೀಕ್ಷೆಗೆ ಅವರ ಹತ್ತಿರ ಒಂದು ಮೊಳ ಉದ್ದದ, ಮರದ ಹಿಡಿಯ ಸ್ಕ್ರೂಡ್ರೈವರ್ ಇತ್ತು. ಅದರ ತುದಿಯನ್ನು ಇಂಜಿನ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರೆಂದರೆ, ಕಾರಿನ ಯಜಮಾನ ಚಪ್ಪಲಿ ಬಿಟ್ಟು ನಿಲ್ಲುವುದೊಂದು ಬಾಕಿ. ಮಾವ ತಲೆ ಆಡಿಸದೆ ಕಾರು ಪೂಜೆಗೆ ಹೋಗುತ್ತಿರಲಿಲ್ಲ, ಚಕ್ರದ ಕೆಳಗೆ ನಿಂಬೆಹಣ್ಣು ಬೀಳುತ್ತಿರಲಿಲ್ಲ.

ಹೊಸ ಕಾರುಗಳೆಂದರೆ ಅವರಿಗೆ ಅಷ್ಟಕ್ಕಷ್ಟೆ. ಗುಂಡಿ ಒತ್ತಿದರೆ ಗಾಜು ಇಳಿಯುವ ಕಾರು ಬಂದಾಗ, "ಗಾಜ್ ಇಳ್ಸಕ್ಕೂ ಕೈ ನೋವಾ? ನಾಳೆ ಅನ್ನ ಎಂಗೆ ಉಣ್ತೀರಪ್ಪ?" ಎಂದರು. ಗ್ಯಾಸಿನಲ್ಲಿ ಓಡುವ ವ್ಯಾನು ಬಂದಾಗ ಡಿಕ್ಕಿ ತೆಗೆಸಿ ಸಿಲಿಂಡರ್ ನೋಡಿ, "ಒಲೆನೂ ಇಟ್ಕಬುಡಿ, ಸೋಮನಾಥಪುರಕ್ಕೆ ಓಗೋವತ್ಗೆ ಉಪ್ಪಿಟ್ಟಾಯ್ತದೆ" ಎಂದರು. ಹೊಗೆ ಕಡಿಮೆ ಬಿಡುವ ಕಾರು ಒಳ್ಳೆಯದು, ಗಾಳಿ ಕೆಡುವುದಿಲ್ಲ ಎಂದು ಯಾರೋ ಮೇಷ್ಟರು ತಿಳಿಹೇಳಲು ಹೋದರು. ಮಾವ ಅವರನ್ನು ಕೂರಿಸಿ ಟೀ ಕುಡಿಸಿ ಪಾಠ ಮಾಡಿದರು: ಕಪ್ಪು ಹೊಗೆಯಾದರೆ ಎಣ್ಣೆ ಜಾಸ್ತಿ ಕುಡಿಯುತ್ತಿದೆ, ನೀಲಿ ಹೊಗೆಯಾದರೆ ಆಯಿಲ್ ಸುಡುತ್ತಿದೆ, ಬಿಳಿ ಹೊಗೆಯಾದರೆ ಒಳಗೆ ನೀರು ಸೇರಿದೆ. "ಹೊಗೆ ಅಂದ್ರೆ ನಾಡಿ ಕಣ್ ಮೇಷ್ಟ್ರೆ. ಹೊಗೆನೇ ಇಲ್ಲ ಅಂದ್ರೆ ಕಾಯ್ಲೆ ಎಂಗೆ ಏಳದು?" ಮೇಷ್ಟರು ಎದ್ದುಹೋಗಿ, ಹಳೆಯ ಸ್ಕೂಟರನ್ನೇ ಇಟ್ಟುಕೊಂಡರು.

ಇಂಥ ಮಾವನಿಗೆ ಕಿವಿ ಹೋಗತೊಡಗಿತು.

ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅರೆಬರೆ, ಮಿಷನ್ ಹಾಕಿಸಿಕೊಳ್ಳಿ ಎಂದು ಮೈಸೂರಿನ ಡಾಕ್ಟರು ಹೇಳಿದ ದಿನ ಜೊತೆಗೆ ಹೋಗಿದ್ದವನು ನಾನೇ. ಬಸ್ಸಿನಲ್ಲಿ ಬರುವಾಗ ಮಾವ ನನ್ನ ಕೈ ಹಿಡಿದು, ಗುಟ್ಟು ಹೇಳುತ್ತಿದ್ದೇನೆ ಎಂದುಕೊಂಡು, ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದರು: "ಯಾರ್ಗೂ ಏಳ್ಬೇಡ ಕಣ್ಲಾ! ಕಿವಿ ಇಲ್ಲ ಅಂತ ಗೊತ್ತಾದ್ರೆ ನನ್ನ ಯಾರ್ ಕೇಳ್ತರೆ?" ಪುಣ್ಯಕ್ಕೆ ಬಸ್ಸಿನಲ್ಲಿ ನಮ್ಮೂರಿನವರು ಯಾರೂ ಇರಲಿಲ್ಲ. ನಾನು ನಗಲು ಹೋದೆ. ಊರು ಬರುವವರೆಗೂ ಅವರು ನನ್ನ ಕೈ ಬಿಡಲಿಲ್ಲ. ನಗು ಬರಲಿಲ್ಲ.

ಅಂದಿನಿಂದ ಗುಟ್ಟು ಗೊತ್ತಿದ್ದವರು ಅತ್ತೆ ಮತ್ತು ನಾನು. ಅತ್ತೆ ಮನೆಯಲ್ಲಿ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರು. ನಾನು ಅಂಗಡಿಯಲ್ಲಿ ಸನ್ನೆ ಮಾಡುವ ಕೆಲಸಕ್ಕೆ ಸೇರಿದೆ. ನನ್ನ ಜೀವಮಾನದಲ್ಲಿ ಸಿಕ್ಕ ಮೊದಲ ನೌಕರಿ! ಬಂದವರ ಹಿಂದೆ ನಿಲ್ಲುವುದು, ಡೀಸೆಲ್ ಆದರೆ ಮೂಗು ಮುಟ್ಟಿಕೊಳ್ಳುವುದು, ಪೆಟ್ರೋಲ್ ಆದರೆ ತಲೆ ಕೆರೆದುಕೊಳ್ಳುವುದು. ಮಾವ ಕಣ್ಣು ಮುಚ್ಚಿದ ಹಾಗೆ ಮಾಡಿ ಒಂದು ಎಳೆಯಷ್ಟು ತೆರೆದುಕೊಂಡಿರುತ್ತಿದ್ದರು.

ಒಂದು ದಿನ ಒಬ್ಬ ಜೀಪು ತಂದ. ಡೀಸೆಲ್ಲು. ನಾನು ಮೂಗಿಗೆ ಕೈ ಎತ್ತಿದೆ, ಅಷ್ಟರಲ್ಲಿ ತಲೆಗೆ ಸೊಳ್ಳೆ ಕಚ್ಚಿತು. ಸೊಳ್ಳೆ ಕಚ್ಚಿದರೆ ನೀವಾದರೂ ಏನು ಮಾಡುತ್ತೀರಿ? ಕೆರೆದುಕೊಂಡೆ.

"ಪೆಟ್ರೋಲ್ ಗಾಡಿ" ಎಂದರು ಮಾವ, ಗಂಭೀರವಾಗಿ.

ಜೀಪಿನವನು ಕಕ್ಕಾಬಿಕ್ಕಿ. "ಸಾ... ಇದು ಡೀಸಲ್ ಜೀಪು ಸಾ."

ಅಂಗಡಿಯ ಮುಂದೆ ನಿಂತವರೆಲ್ಲ ಮಾವನ ಕಡೆ ತಿರುಗಿದರು. ಮಾವ ಅವನ ಮುಖ ನೋಡಿಯೇ ಏನೋ ಎಡವಟ್ಟಾಗಿದೆ ಎಂದು ತಿಳಿದರು. ಸ್ಕ್ರೂಡ್ರೈವರನ್ನು ನಿಧಾನವಾಗಿ ಕೆಳಗಿಟ್ಟು, "ಜೀಪು ಯಾವ್ದು ಅಂತ ನಂಗೂ ಗೊತ್ತು ಕಣಯ್ಯ. ಒಳುಗ್ ಉಯ್ದಿರೋದು ಏನು? ಎದೆ ಮುಟ್ಕಂಡು ಏಳು" ಎಂದರು.

ಅವನ ಮುಖ ಕಪ್ಪಿಟ್ಟಿತು. "ಸೀಮೆಎಣ್ಣೆ ಬೆರ್ಸಿದ್ದು ನಿಮ್ಗೆಂಗ್ ಗೊತ್ತಾಯ್ತು ಸಾ?"

ಹೇಗೆ ಗೊತ್ತಾಯಿತು ಎಂದು ನನಗೂ ಇವತ್ತಿನವರೆಗೆ ಗೊತ್ತಿಲ್ಲ!

ಆದರೆ ಸೊಳ್ಳೆಯನ್ನು ನಂಬಿ ಎಷ್ಟು ದಿನ ಸಂಸಾರ ನಡೆಯುತ್ತದೆ? ಮಾವನೇ ಬೇರೆ ಉಪಾಯ ಕಂಡುಕೊಂಡರು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಇಡುವುದು ಬಿಟ್ಟು ಹಲ್ಲಿನಲ್ಲಿ ಕಚ್ಚತೊಡಗಿದರು. ಇಂಜಿನ್ ಅದುರಿದ್ದು ಹಿಡಿಯಿಂದ ಹಲ್ಲಿಗೆ, ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಬುರುಡೆಗೆ ಏರಿ, ಅದು ಹೇಗೋ ಅವರಿಗೆ ಕೇಳಿಸುತ್ತಿತ್ತು. ನೋಡುವವರಿಗೆ ಇದು ವಿದ್ಯೆಯ ಮುಂದಿನ ಮೆಟ್ಟಿಲು. "ಈಗ ಕಿವಿನೇ ಬೇಡ ಅವ್ರಿಗೆ, ಇಂಜಿನ್ ರುಚಿ ನೋಡಿ ಏಳ್ತರೆ" ಎಂದು ಮಾತು ಹಬ್ಬಿತು. ಪಕ್ಕದ ಗ್ಯಾರೇಜಿನ ಇಬ್ಬರು ಮೆಕ್ಯಾನಿಕ್ಕುಗಳೂ ಸ್ಕ್ರೂಡ್ರೈವರ್ ಕಚ್ಚತೊಡಗಿದರು. ಒಬ್ಬನಿಗೆ ಶಾಕ್ ಹೊಡೆಯಿತು!

ಹೀಗಿರುವಾಗ, ಎರಡು ಸಾವಿರದ ಆಚೆ ಒಂದು ವರ್ಷ, ನರಸೀಪುರದಿಂದ ಹಲ್ಲಿನ ಡಾಕ್ಟರು ಬಂದರು. ಬಂದದ್ದು ಯಾರಿಗೂ ಗೊತ್ತೇ ಆಗಲಿಲ್ಲ, ಯಾಕೆಂದರೆ ಅವರ ಕಾರಿಗೆ ಸದ್ದೇ ಇರಲಿಲ್ಲ. ಬೆಂಕಿಪೊಟ್ಟಣಕ್ಕೆ ಗಾಲಿ ಜೋಡಿಸಿದ ಹಾಗೆ ಎರಡು ಬಾಗಿಲಿನ ಕಾರು. ಕರೆಂಟಿನದು.

"ಯಜಮಾನ್ರೆ, ನೀವೇ ಹೇಳ್ಬೇಕು" ಎಂದರು ಡಾಕ್ಟರು. "ಊರಲ್ಲಿ ಒಂದು ನಿಮಿಷ ನಿಲ್ಸಂಗಿಲ್ಲ. ಸದ್ದಿಲ್ವಲ್ಲ, ಕೆಟ್ಟು ನಿಂತಿದೆ ಅಂತ ಹಿಂದೆ ಬಂದು ನೂಕ್ತಾರೆ! ನೀವು ಬೇಡ ಅಂದ್ರೆ ವಾಪಸ್ ಕೊಟ್ಬಿಡ್ತೀನಿ. ಆಮೇಲೆ... ಒಂದು ಪ್ಲಗ್ ಸಿಗುತ್ತಾ? ಬರೋವಷ್ಟರಲ್ಲಿ ಬ್ಯಾಟರಿ ಅರ್ಧ ಆಗಿದೆ."

ಎಡಗಿವಿಯ ಪಕ್ಕದಲ್ಲಿ ನಿಂತು ನಾನು ಅಷ್ಟನ್ನೂ ಮಾವನಿಗೆ ಮತ್ತೆ ಹೇಳಿದೆ.

"ತ್ರೀ ಫೇಸಾ?"

"ಅಲ್ಲ, ಮನೆ ಪ್ಲಗ್ಗೇ ಸಾಕಂತೆ ಮಾವ."

"ಮಿಕ್ಸಿ ಪ್ಲಗ್ಗಾ! ಚಟ್ನಿ ರುಬ್ಬೋ ಕರೆಂಟಲ್ಲಿ ಓಡೋ ಕಾರಾ!" ಮಾವ ಪ್ಲಗ್ಗು ಕೊಟ್ಟರು, ಜೊತೆಗೆ ಅಭಿಪ್ರಾಯವನ್ನೂ ಕೊಟ್ಟರು: "ಇಷ್ಟ್ ದಿನ ಮೋಟ್ರು ಸುಟ್ಕಂಡು ರೈತ್ರು ಬತ್ತಿದ್ರು. ಇನ್ಮೇಲೆ ಕಾರ್ ಸುಟ್ಕಂಡು ಡಾಕ್ಟ್ರುಗಳೂ ಬತ್ತರೆ. ನಂಗೇನು, ಯಾಪಾರ!"

ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಎರಡಕ್ಕೆ ಬಂತು. ಅಷ್ಟರಲ್ಲಿ ಸುದ್ದಿ ಹಬ್ಬಿ ಅಂಗಡಿಯ ಮುಂದೆ ನಲವತ್ತು ಜನ ಸೇರಿದ್ದರು. ನಾಲ್ಕು ಗಂಟೆಗೆ ಡಾಕ್ಟರು ಕೂತು ಕೀ ತಿರುಗಿಸಿ ಇಳಿದರು. "ಆನ್ ಆಗಿದೆ ಯಜಮಾನ್ರೆ. ನೋಡಿ."

ಮಾವ ಸ್ಕ್ರೂಡ್ರೈವರಿನ ತುದಿಯನ್ನು ಕಾರಿನ ಮೇಲಿಟ್ಟು ಹಿಡಿ ಕಚ್ಚಿದರು. ಕಣ್ಣು ಮುಚ್ಚಿದರು. ಜಾಗ ಬದಲಾಯಿಸಿ ಮತ್ತೆ ಕಚ್ಚಿದರು. ಹಿಂದೆ ಹೋಗಿ ಕಚ್ಚಿದರು. ಆಮೇಲೆ ಕಣ್ಣು ತೆರೆದು ನನ್ನ ಕಡೆ ನೋಡಿದರು.

ಅಷ್ಟು ವರ್ಷದಲ್ಲಿ ಆ ಮುಖವನ್ನು ನಾನು ನೋಡಿರಲಿಲ್ಲ. ಕಿವಿ ಹೋಗಿತ್ತು, ಹಲ್ಲು ಉಳಿದಿತ್ತು. ಈಗ ಅದೂ ಹೋಯಿತೇ ಎಂದು ಕೇಳುತ್ತಿದ್ದ ಮುಖ. ನಲವತ್ತು ಜನ ಎದುರಿಗೆ ಕಾಯುತ್ತಿದ್ದಾರೆ.

ನಾನು ಕಿವಿಗೊಟ್ಟೆ. ನನಗೂ ಏನೂ ಇಲ್ಲ! ನನ್ನ ಮಹಾಬುದ್ಧಿಗೆ ಹೊಳೆದದ್ದು ಇಷ್ಟು: ಡಾಕ್ಟರು ಸ್ಟಾರ್ಟ್ ಮಾಡುವುದನ್ನೇ ಮರೆತಿದ್ದಾರೆ. ನಾನೇ ಹತ್ತಿ ಒಂದಿಷ್ಟು ರೇಸ್ ಕೊಟ್ಟರೆ ಮಾವನ ಹಲ್ಲಿಗಾದರೂ ಸಿಕ್ಕೀತು, ಮಾನ ಉಳಿದೀತು. "ಮಾವ, ಈ ಕಡೆ ಬನ್ನಿ" ಎಂದು ಅವರನ್ನು ಪಕ್ಕಕ್ಕೆ ಸರಿಸಿ ಒಳಗೆ ಕೂತೆ. ಏನೋ ಒಂದು ಕಡ್ಡಿ ಇತ್ತು, ಮುಂದಕ್ಕೆ ಹಾಕಿದೆ. ಕ್ಲಚ್ಚು ಹುಡುಕಿದೆ, ಸಿಗಲಿಲ್ಲ. ಇಲ್ಲದ ಕ್ಲಚ್ಚಿನ ಪಾಲಿನ ಜೋರನ್ನೂ ಸೇರಿಸಿ ಬಲಗಾಲನ್ನು ಒತ್ತಿದೆ.

ಸದ್ದು ಬರಲಿಲ್ಲ. ಕಾರು ಬಂತು!

ಪಂಪನ್ನು ಮುಳುಗಿಸಿ ಟೆಸ್ಟ್ ಮಾಡುವುದಕ್ಕೆ ಅಂಗಡಿಯ ಮುಂದೆ ನೀರು ತುಂಬಿದ ದೊಡ್ಡ ಡ್ರಮ್ಮು ಇರುತ್ತಿತ್ತು. ಅದರ ಆಚೆ, ಬಿಳಿ ಪ್ಯಾಂಟು ಹಾಕಿಕೊಂಡು, ಡಾಕ್ಟರು ನಿಂತಿದ್ದರು. ಇನ್ನು ವಿವರಿಸಬೇಕೇ? ಕಾರು ಡ್ರಮ್ಮಿಗೆ ಮುತ್ತಿಟ್ಟಿತು, ಡ್ರಮ್ಮು ಡಾಕ್ಟರ ಮೇಲೆ ಒರಗಿತು. ಎದೆಯಿಂದ ಕೆಳಗೆ ಅಭಿಷೇಕ.

ಜನ ಬಿದ್ದು ಬಿದ್ದು ನಕ್ಕರು. ನಗದೆ ನಿಂತವರು ಮಾವ ಒಬ್ಬರೇ. ಅವರು ನೆಟ್ಟಗೆ ನನ್ನ ಹತ್ತಿರ ಬಂದು ಕಿಟಕಿಯಲ್ಲಿ ತಲೆ ಹಾಕಿದರು. ಬೈಗುಳಕ್ಕೆ ನಾನು ಕುತ್ತಿಗೆ ಒಳಗೆಳೆದುಕೊಂಡೆ.

"ಲೋ, ನಿಂಗೂ ಕೇಳ್ಸ್ನಿಲ್ವಾ?"

"ಇಲ್ಲ ಮಾವ! ಆಣೆಗೂ ಇಲ್ಲ!"

ಮಾವ ತಿರುಗಿದರು. "ಡಾಕ್ಟ್ರೆ, ನಿಮ್ಗೆ?"

ಡಾಕ್ಟರು ಪ್ಯಾಂಟು ಹಿಂಡುತ್ತಾ, "ಕೇಳ್ಸೋಕೆ ಇಂಜಿನ್ನೇ ಇಲ್ವಲ್ಲ ಯಜಮಾನ್ರೆ, ನಿಂತಿದ್ರೆ ಯಾರಿಗೂ ಕೇಳ್ಸಲ್ಲ" ಎಂದರು.

"ನಿಂಗ್ಲಾ? ನಿಂಗೆ?" ಮಾವ ಒಬ್ಬೊಬ್ಬರನ್ನೇ ಕೇಳುತ್ತಾ ಹೋದರು. ಇಲ್ಲ. ಇಲ್ಲ ಸಾ. ಇಲ್ಲ ಕಣಣ್ಣ. ಪಕ್ಕದ ಮೆಕ್ಯಾನಿಕ್ಕು, ಶಾಕ್ ಹೊಡೆಸಿಕೊಂಡವನು, ಅವನೂ ಇಲ್ಲ. ಒಂದೊಂದು 'ಇಲ್ಲ'ಕ್ಕೂ ಮಾವನ ಮುಖ ಬೆಳಗುತ್ತಾ ಹೋಯಿತು. ಕೊನೆಗೆ ರಸ್ತೆಗೆಲ್ಲ ಕೇಳುವ ಹಾಗೆ ನಗುತ್ತಾ, "ಅಂಗಾದ್ರೆ ಈ ಕಾರ್ ಮುಂದೆ ಎಲ್ರೂ ಕಿವುಡ್ರೇ ಕಣ್ರಪ್ಪ! ನಾನೊಬ್ನೇ ಅಲ್ಲ!" ಎಂದುಬಿಟ್ಟರು.

ಅಷ್ಟು ವರ್ಷ ನಾವು ಮುಚ್ಚಿಟ್ಟದ್ದು ಹಾಗೆ ನಡುರಸ್ತೆಗೆ ಬಂತು. ಜನ ಅದನ್ನು ತಮಾಷೆ ಎಂದುಕೊಂಡರೋ, ಅರ್ಥ ಮಾಡಿಕೊಂಡೂ ನಕ್ಕರೋ ನನಗೆ ತಿಳಿಯಲಿಲ್ಲ. ಆದರೆ ಯಾರೂ ಹೊರಟುಹೋಗಲಿಲ್ಲ. "ಸರಿ ಸಾ, ಕಾರ್ ಎಂಗದೆ, ಏಳಿ" ಎಂದು ನಿಂತೇ ಇದ್ದರು.

"ಕೂತ್ ನೋಡ್ದೆ ಎಂಗೆ ಏಳದು?" ಎಂದರು ಮಾವ. ಡಾಕ್ಟರು, ಅಂಗಡಿಯ ಹಿಂದಿನ ಮನೆಯಿಂದ ಅತ್ತೆ ತಂದುಕೊಟ್ಟ ಮಾವನ ಪಂಚೆ ಉಟ್ಟು ಸ್ಟೇರಿಂಗ್ ಹಿಡಿದರು. ಮಾವ ಪಕ್ಕಕ್ಕೆ ಹತ್ತಿದವರು, ಅತ್ತೆಯ ಕಡೆ ತಿರುಗಿ, "ನೀನೂ ಬಾರೇ" ಎಂದರು. ಮಕ್ಕಳು ಕೂರುವ ಹಿಂದಿನ ಸೀಟಿನಲ್ಲಿ, ಮಾವನ ಎಡಗಿವಿಯ ಹಿಂದೆಯೇ, ಅತ್ತೆ ಕಾಲು ಮಡಚಿ ಕೂತರು. ಕಾರು ಸದ್ದಿಲ್ಲದೆ ಹದಿನಾರಿನ ಕಡೆಗೆ ಹೋಯಿತು. ನನಗೆ ಡ್ರಮ್ಮು ತುಂಬುವ ಶಿಕ್ಷೆ.

ಮುಕ್ಕಾಲು ಗಂಟೆಯಾದ ಮೇಲೆ ಬಂದರು. ನಲವತ್ತು ಜನರೂ ಮುತ್ತಿದರು. ಮೋಟರಿಗೆ ಬಾಯಿಲ್ಲ ಎನ್ನುತ್ತಾರೆ, ನಾಡಿಯಿಲ್ಲದ ರೋಗಿ ಎನ್ನುತ್ತಾರೆ, ಮಿಕ್ಸಿ ಎನ್ನುತ್ತಾರೆ ಎಂದು ಕಾದೆವು. ಮಾವ ಕಾರಿನಿಂದ ಇಳಿದು, ಬಾಗಿಲನ್ನು ಮೆತ್ತಗೆ ಹಾಕಿ, "ಇಟ್ಕಳಿ ಡಾಕ್ಟ್ರೆ" ಎಂದಷ್ಟೇ ಹೇಳಿ ಒಳಗೆ ಹೋಗಿ ತಂತಿ ಸುತ್ತುತ್ತಾ ಕೂತರು. ಯಾಕೆ, ಏನು, ಎತ್ತ, ಒಂದೂ ಇಲ್ಲ!

ನನಗೆ ತಡೆಯಲಾಗಲಿಲ್ಲ. ಡಾಕ್ಟರು ಹೋದ ಮೇಲೆ ಅಡುಗೆಮನೆಗೆ ನುಗ್ಗಿದೆ. "ಅತ್ತೆ, ಮಾವ ಅದ್ರಲ್ಲಿ ಏನ್ ಕಂಡು ಒಪ್ಕಂಡ್ರು?"

ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ನಂಗೇನ್ ಗೊತ್ತಪ್ಪ ಕಾರಿನ್ ವಿಚಾರ. ಮೊದ್ಲೆಲ್ಲ ಯಾರ್ ಕಾರಲ್ ಕೂತ್ರೂ 'ಸುಮ್ನಿರೇ, ಇಂಜಿನ್ ಕೇಳ್ತಾವ್ನಿ' ಅನ್ನೋರು. ಕಿವಿ ಓದ್ಮೇಲೆ ಆ ಸದ್ದಲ್ಲಿ ನಾನ್ ಬಾಯ್ ಬಡ್ಕಂಡ್ರೂ ಕೇಳ್ತಿರ್ನಿಲ್ಲ. ಇವತ್ತು ಗದ್ದೆ ಬಯ್ಲಲ್ಲಿ ಒಂದ್ ರಾಶಿ ಬೆಳ್ಳಕ್ಕಿ ಕೂತಿದ್ವು. 'ಅಯ್ಯೋ, ಎಷ್ಟೊಂದವೆ' ಅಂದೆ, ನನ್ ಪಾಡಿಗೆ ನಾನು. ಮುಂದ್ಗಡೆಯಿಂದ ನಿಮ್ ಮಾವ, 'ಎಷ್ಟವೆ, ಎಣ್ಸೇ' ಅಂದ್ರು. ಕೂಗಿ ಏಳಿರ್ನಿಲ್ಲ ಕಣ್ ಮಗ. ಮೆಲ್ಲುಗ್ ಅಂದಿದ್ದೆ."