ಗೆಲ್ಲೋ ಆಲ್ಬಮ್

ಎಲ್ಲ ಶುರುವಾಗಿದ್ದು ಒಂದು ಪದದಿಂದ.

“ಅಜ್ಜೀ, ಬ್ಯಾಂಡ್ ಬಿಟ್ಟೆ. ಇನ್ಮೇಲೆ ಸೋಲೋ ಆಲ್ಬಮ್,” ಎಂದು ಗುಡುಗು ಎದೆಯುಬ್ಬಿಸಿ ಹೇಳಿದ. ‘ಗುಡುಗು’ ಎಂಬುದು ರಾಕ್ ಹಾಡು ಕೇಳುವ ಅಭಿಮಾನಿಗಳು ಅವನಿಗಿಟ್ಟ ಹೆಸರು.

“ಸೋಲೋ ಆಲ್ಬಮ್ ಯಾಕೋ? ಮಾಡೋದಾದ್ರೆ ಗೆಲ್ಲೋ ಆಲ್ಬಮ್ ಮಾಡು,” ಎಂದ ಅಜ್ಜಿ, ಕಣ್ಗಾವಲಿಗೆಂದು ಸ್ಟುಡಿಯೋಗೂ ಹೊರಟು ನಿಂತಳು.

ಕತೆಯ ರಾಕ್ಷಸನ ಜೀವ ಗಿಳಿಯೊಳಗಿದ್ದ ಹಾಗೆ ಗುಡುಗುವಿನ ಕೀರ್ತಿಯೆಲ್ಲ ಒಂದು ನಿಮಿಷದ ಗಿಟಾರ್ ತುಣುಕಿನಲ್ಲಿತ್ತು. ಬ್ಯಾಂಡಿನ ಮೊದಲ ಹಾಡಿನ ಆ ತುಣುಕಿನ ಕೊನೆಗೆ ಒಂದು ಸಣ್ಣ ಉಸಿರು ಕೇಳಿಸುತ್ತದೆ. ‘ಅದು ವಿರಹದ ನಿಟ್ಟುಸಿರು’ ಎಂದು ಅವನು ಸಂದರ್ಶನಗಳಲ್ಲಿ ಕಣ್ಣು ಮುಚ್ಚಿ ಹೇಳುತ್ತಿದ್ದ. ಅಜ್ಜಿ ಅದನ್ನು ಬೀದಿಗೆಲ್ಲ ಕೇಳಿಸಿದ್ದಳು. ಈಗ ಅದನ್ನೇ ಹೊಸದಾಗಿ ನುಡಿಸಿ, ಬ್ಯಾಂಡ್ ನಡೆದದ್ದೇ ತನ್ನ ಬೆರಳಿನಿಂದ ಎಂದು ತೋರಿಸಬೇಕಿತ್ತು.

ಗಾಜಿನಾಚೆ ರೆಕಾರ್ಡಿಸ್ಟಿನ ಪಕ್ಕ ಅಜ್ಜಿ ಕೂತಳು. ಈಚೆ ಗುಡುಗುವಿನ ಜೊತೆ ಸ್ಟುಡಿಯೋದ ಇಬ್ಬರು ತಾತಂದಿರು. ನಲವತ್ತು ವರ್ಷ ಬೇರೆಯವರ ಹಾಡುಗಳಿಗೆ ಗಿಟಾರು, ಡ್ರಮ್ಸು ನುಡಿಸಿದವರು.

“ಇದು ನಿಮ್ಮ ಕಾಲದ ಸಂಗೀತ ಅಲ್ಲ ತಾತ. ನನ್ನ ಬೆರಳು ಹೋದ ಕಡೆ ಸುಮ್ನೆ ಹಿಂದೆ ಬನ್ನಿ.”

“ಬರ್ತೀವಪ್ಪ. ಬೆರಳು ಹೊರಡ್ಲಿ,” ಎಂದ ಡ್ರಮ್ಸ್ ತಾತ.

ಹೊರಟ ಬೆರಳು, ಏಣಿ ಹತ್ತಲು ಹೋದ ಕೋಳಿಯಂತೆ ಮೂರನೇ ಮೆಟ್ಟಿಲಲ್ಲೇ ಜಾರಿತು. ಎರಡನೇ ಸಲ ತಪ್ಪು ತಂತಿಯದು ಎಂದ. ಆರನೇ ಸಲ ಕುರ್ಚಿಯದು. ಒಂಬತ್ತನೇ ಸಲ ಬೈಯಲು ಏನೂ ಉಳಿದಿರಲಿಲ್ಲ.

“ಬೇಜಾರಾಗ್ಬೇಡ. ಆವತ್ತೂ ಇಲ್ಲೇ ತಾನೇ ಸಿಕ್ಕಾಕ್ಕೊಂಡಿದ್ದು?” ಎಂದುಬಿಟ್ಟ ಡ್ರಮ್ಸ್ ತಾತ. ಗಿಟಾರ್ ತಾತ ಅವನ ಕಾಲು ತುಳಿದದ್ದು ತಡವಾಯಿತು.

“ಯಾವತ್ತು?”

ಗಿಟಾರ್ ತಾತ ತುಣುಕನ್ನು ಪೂರ್ತಿ ನುಡಿಸಿದ, ಇಳಿಜಾರಿನಲ್ಲಿ ನೀರು ಹರಿದ ಹಾಗೆ. ಆಮೇಲೆ ತಲೆ ತಗ್ಗಿಸಿ, “ನಿಮ್ಮ ಮೊದಲ ಹಾಡಿನ ದಿನ, ನೀವು ಮನೆಗೆ ಹೋದ್ಮೇಲೆ ಸ್ಟುಡಿಯೋದವರು ನನ್ನ ಕರೆಸಿದ್ರು. ನಿಮ್ದು ಅಳಿಸಿ ನಂದು ಹಾಕಿದ್ರು. ಆ ನಿಟ್ಟುಸಿರು... ನಂಗಾಗ ನಶ್ಯದ ಚಟ. ಅದು ಸೀನು, ಕ್ಷಮಿಸಿ,” ಎಂದ.

ಗುಡುಗುವಿನ ಕಿವಿ ಕೆಂಡವಾಯಿತು. ಗಿಟಾರಿನ ಪೆಟ್ಟಿಗೆಯಲ್ಲಿ ಮಲಗಿ ಮುಚ್ಚಳ ಹಾಕಿಕೊಳ್ಳಬೇಕೆನ್ನಿಸಿತು. ಒಂದು ಸೀನಿಗೆ ಎಷ್ಟು ಸಲ ಕಣ್ಣು ಮುಚ್ಚಿದ್ದ!

“ತಾತ, ಕಾಲಿಗೆ ಬೀಳ್ತೀನಿ. ಈ ಸಲಾನೂ ನೀವೇ ನುಡಿಸಿ. ಅಜ್ಜಿಗೆ ಮಾತ್ರ ಗೊತ್ತಾಗ್ಬಾರ್ದು.”

ಮೈಕು ತೆರೆದೇ ಇತ್ತು. ಗಾಜಿನಾಚೆ ಅಜ್ಜಿ, ಕಿವಿಗಿಂತ ದೊಡ್ಡ ಹೆಡ್‌ಫೋನ್ ತೆಗೆದಿಟ್ಟು ಒಳಗೆ ಬಂದಳು. ನೇರ ಗಿಟಾರ್ ತಾತನ ಹತ್ತಿರ.

“ಸೀನು ನಿಮ್ದಾ? ಮೂರು ವರ್ಷದಿಂದ ಯಾರ್ದು ಅಂತ ಯೋಚಿಸ್ತಿದ್ದೆ.”

“ಅಜ್ಜೀ! ನಿಂಗೆ ಗೊತ್ತಿತ್ತಾ?”

“ಎತ್ತಿ ಆಡಿಸಿದೋಳು ನಾನು. ನೀನು ಸೀನಿದ್ರೆ ಒಟ್ಟಿಗೆ ಏಳು ಸೀನು. ಒಂದಕ್ಕೆ ಯಾವತ್ತು ನಿಲ್ಲಿಸಿದ್ದೀಯ?”

“ಮತ್ತೆ ಬೀದಿಗೆಲ್ಲ ಕೇಳಿಸಿದ್ಯಲ್ಲ?”

“ಹೆಸರು ನಿಂದಿತ್ತಲ್ಲ, ಮಗಾ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಕೊನೆಗೆ ಗಿಟಾರ್ ತಾತನೇ ಒಂದೇ ಸಲಕ್ಕೆ ನುಡಿಸಿ ಮುಗಿಸಿದ. “ಚಿನ್ನದಂಗಿದೆ. ಆದ್ರೆ ನಿಟ್ಟುಸಿರಿಲ್ಲ. ಜನ ಅದನ್ನೇ ಕೇಳೋದು,” ಎಂದ ರೆಕಾರ್ಡಿಸ್ಟ್. ತಾತನಿಗೆ ವೈದ್ಯರು ನಶ್ಯ ಬಿಡಿಸಿಯಾಗಿತ್ತು.

“ಅದನ್ನ ನಾನು ಮಾಡ್ತೀನಿ!” ಗುಡುಗು ಮೈಕಿಗೆ ಮೂಗೊಡ್ಡಿ ನಿಂತ. ಅಜ್ಜಿ ಸೊಂಟದ ಚೀಲದಿಂದ ತನ್ನ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಕೊಟ್ಟಳು. ಕೆಂಪು ದೀಪ ಹತ್ತಿತು.

ಏಳು. ಐದನೆಯದಕ್ಕೆ ಡ್ರಮ್ಸಿನ ತಟ್ಟೆ ಉರುಳಿಬಿತ್ತು.

ರೆಕಾರ್ಡಿಸ್ಟ್ ಕೆಂಪು ದೀಪ ಆರಿಸಿ, “ಸೀನೋದಕ್ಕೂ ಯಾರನ್ನಾದ್ರೂ ಕರೆಸ್ಲಾ?” ಎಂದು ಮೆಲ್ಲಗೆ ಕೇಳಿದ.

ಅಜ್ಜಿ ಮೊಮ್ಮಗನ ಬೆನ್ನು ಸವರಿದಳು. “ಕರೆಸಪ್ಪಾ. ಪಾಪ, ಇವನು ಮೊದಲೇ ಹೇಳಿದ್ದ, ಸೋಲೋ ಆಲ್ಬಮ್ ಅಂತ. ನಾನೇ ನಂಬಲಿಲ್ಲ.”