ಏಡಿಯ ಕಾಲೂ ನನ್ನ ಹೊಟ್ಟೆಯುರಿಯೂ

ಹೊಟ್ಟೆ ಉರಿಸುವ ಸಂಗತಿಗಳು ನನ್ನನ್ನು ಹುಡುಕಿಕೊಂಡು ರಬಾಳೆಯ ಲ್ಯಾಬಿನವರೆಗೂ ಬರುತ್ತವೆ. ಅಲ್ಲಿ ನಾವಿಬ್ಬರು ಏಡಿಯ ಕಾಲಿನಿಂದ ನರ ಬಿಡಿಸುವವರು. ನಾನು ಡೊಂಬಿವಲಿಯ ಉಡುಪಿ ಹೋಟೆಲಿನವರ ಮಗಳು, ಮೊಟ್ಟೆಯನ್ನೂ ಮುಟ್ಟದ ಮನೆ. ಇನ್ನೊಬ್ಬ ವಿಠ್ಠಲವಾಡಿಯಿಂದ ಬರುವ ಧಾರವಾಡ ಕಡೆಯ ಹುಡುಗ. ನರ ಕೆರಳಿದಾಗ ಗ್ಲುಟಮೇಟ್ ಹೊರಬೀಳುತ್ತದೆ. ಪಕ್ಕದಲ್ಲೇ ಅಂಟಿಕೊಂಡಿರುವ ಗ್ಲಿಯಾ ಕೋಶ ಅದನ್ನು ಹಿಡಿದುಕೊಂಡು ಒಳಗೊಳಗೇ ಬದಲಾಗುತ್ತದೆ. ಕೋಶಕ್ಕೆ ತಂತಿ ಸಿಕ್ಕಿಸಿದರೆ ಆ ಬದಲಾವಣೆ ಪರದೆಯ ಗೆರೆಯಲ್ಲಿ ಒಂದು ತಗ್ಗಾಗಿ ಕಾಣಬೇಕು. ಅವನಿಗೆ ಕಾಣುತ್ತಿತ್ತು, ನನಗಿಲ್ಲ. ಹೈದರಾಬಾದಿನ ಸಮ್ಮೇಳನಕ್ಕೆ ಲ್ಯಾಬ್ ನಡೆಸುವ ಸರ್ ಕಳಿಸುವುದು ಒಬ್ಬರನ್ನೇ.

ಮಾವಶಿಯ ಕರುಣೆ

ಐರೋಲಿಯಲ್ಲಿ ಮೀನು ಮಾರುವ, ನಾವೆಲ್ಲ ಮಾವಶಿ (ಚಿಕ್ಕಮ್ಮ) ಎನ್ನುವ ಮರಾಠಿ ಹೆಂಗಸು ಅವನನ್ನು ಕಂಡರೆ ಬುಟ್ಟಿಯಲ್ಲಿ ಚೆನ್ನಾಗಿ ಒದ್ದಾಡುವ ಏಡಿಗಳನ್ನೇ ಆರಿಸಿ ಕೊಡುತ್ತಾಳೆ. ನಾನು ಮೊದಲ ಸಲ ಹೋದಾಗ, "ರಸ್ಸಾ ಸಾರಿಗಾ, ಫ್ರೈಗಾ?" ಎಂದು ಕೇಳಿದಳು.

"ಎರಡಕ್ಕೂ ಅಲ್ಲ ಮಾವಶಿ, ನೋಡೋದಕ್ಕೆ. ನಾವು ತಿನ್ನೋದಿಲ್ಲ," ಎಂದೆ.

ಅಯ್ಯೋ ಪಾಪ ಎನ್ನುವಂತೆ ನೋಡಿ ಚೀಲ ಕಟ್ಟಿಕೊಟ್ಟಳು. ಲ್ಯಾಬಿನಲ್ಲಿ ಬಿಚ್ಚಿದರೆ ಒಂದಕ್ಕೂ ಕಾಲಿಲ್ಲ. ಮರುದಿನ ಜಗಳಕ್ಕೇ ಹೋದೆ.

"ನೀನು ಶಾಕಾಹಾರಿ, ಹೆದರ್ತೀಯ ಅಂತ ಕಾಲೆಲ್ಲ ಮುರಿದು ಕೊಟ್ಟೆ ತಾಯಿ," ಎಂದಳು. "ಆ ಹುಡುಗನಿಗೆ ಇಷ್ಟೆಲ್ಲ ಮಾಡ್ತೀನಾ ನಾನು?"

ಅಪ್ಪನ ಸಲಹೆ

ಇಲ್ಲಿ ಟೇಸ್ಟಿಂಗ್ ಪೌಡರ್ ಬಳಸುವುದಿಲ್ಲ ಎಂಬ ಬೋರ್ಡು ನಮ್ಮ ಹೋಟೆಲಿನ ಗೋಡೆಯ ಮೇಲೆ ಉಂಟು. ನರ ಕೈಕೊಟ್ಟಾಗ ನಾವೇ ಹೊರಗಿನಿಂದ ಗ್ಲುಟಮೇಟ್ ಹನಿಸಿ ನೋಡುತ್ತೇವೆ, ಅದೂ ಆ ಪೌಡರಿನ ಜಾತಿಯದೇ ಎಂದು ಅಪ್ಪನ ಹತ್ತಿರ ಬಾಯಿಬಿಟ್ಟೆ.

"ಗಿರಾಕಿಗೆ ನಾನು ಹಾಕದ್ದನ್ನು ನೀನು ಏಡಿಗೆ ಹಾಕುದಾ ಮಾರಾಯ್ತಿ?" ಎಂದರು.

ದೋಸೆ ಮಗುಚುವಷ್ಟು ಹೊತ್ತು ಯೋಚಿಸಿ ಮತ್ತೆ ಹೇಳಿದರು: "ಆ ಹುಡುಗನದ್ದು ಸರಿ ಬರ್ತದಲ್ಲ. ಅವನು ಎಷ್ಟು ಹಾಕ್ತಾನೆ, ಕೇಳಿಕೊಂಡು ಬಾ."

ಪಕ್ಕದ ಕುರ್ಚಿ

ಆಯ್ಕೆಯ ದಿನ ಅವನು ಒಂದರ ಮೇಲೊಂದು ತಗ್ಗು ತೋರಿಸಿದ. ನನ್ನದು ಬೋಳು ಗೆರೆ. ಬೆಳಗಾವಿಯವರಾದ ನಮ್ಮ ಸರ್, "ಗ್ಲಿಯಾಕ್ಕ ಆಗೋದೇನು ಅಂತ ಸರಳ ಮಾತಿನ್ಯಾಗ ಹೇಳ್ರಿ," ಎಂದರು.

"ಹಂಗ ಆಗತೈತ್ರಿ ಸರ್," ಎಂದ ಅವನು. ಅಷ್ಟೇ.

ನನ್ನ ಸರದಿ ಬಂತು. "ಪಕ್ಕದವನು ಕುಣೀತಾನೆ ಸರ್. ಇದು ಕುಣಿಯೋದಿಲ್ಲ, ಕೂಗೋದಿಲ್ಲ, ಕೂತಲ್ಲಿಂದ ಏಳೋದೂ ಇಲ್ಲ. ಅವನು ಹೊರಬಿಟ್ಟದ್ದೆಲ್ಲ ಇದಕ್ಕೇ ಬಂದು ತಾಗ್ತದೆ. ಒಳಗೆ ಏನೋ ಕುಸೀತದೆ. ನೋಡುವವರಿಗೆ ಗೊತ್ತೇ ಆಗೋದಿಲ್ಲ." ಹೇಳುತ್ತಾ ಹೇಳುತ್ತಾ ನನ್ನ ಬೆರಳು ನನ್ನ ಎದೆಯನ್ನೇ ತೋರಿಸುತ್ತಿತ್ತು.

ಸರ್ ಕನ್ನಡಕ ತೆಗೆದರು. "ಇಷ್ಟು ಮನಸ್ಸಿಗೆ ಹಚ್ಚಿಕೊಂಡು ಯಾರೂ ಓದಂಗಿಲ್ಲ. ನೀವೇ ಹೋಗ್ರಿ. ರೆಕಾರ್ಡಿಂಗ್ ಅವನದು ಒಯ್ಯಿರಿ."

ಹೋದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಮಾತಾಡಿದ್ದಿಲ್ಲ. ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತು, "ಇಂಥ ರೆಕಾರ್ಡಿಂಗ್ ನೋಡಿರಲಿಲ್ಲ. ಮಾಡಿದವರು ಯಾರು?" ಎಂದರು. ಹೆಸರು ಹೇಳಿದೆ. ಅವನು ಇಲ್ಲದ ಆ ಸಭಾಂಗಣದಲ್ಲಿ ಅವನಿಗೆ ಚಪ್ಪಾಳೆಯೋ ಚಪ್ಪಾಳೆ.

ನಾನು ಕದಲಲಿಲ್ಲ, ಕೂಗಲಿಲ್ಲ. ಆದರೆ ಆ ಹೊತ್ತಿನಲ್ಲಿ ಯಾರಾದರೂ ನನಗೆ ತಂತಿ ಸಿಕ್ಕಿಸಿದ್ದರೆ, ಪರದೆಯ ಮೇಲೆ ನನ್ನ ಮೊದಲ ಒಳ್ಳೆಯ ತಗ್ಗು ಬಂದಿರುತ್ತಿತ್ತು.